ಖಾನಾವಳಿ ಒಳಗ ವೇಪ್ ಎಳಿಯೋರಿಗೆ ಏನ್ ಹೇಳ್ಬೇಕು? ಬೋರ್ಡಿನ ಮ್ಯಾಲ ಏನ್ ಬರೀಬೇಕು?

ಗಲ್ಲಾ_ಮ್ಯಾಲ, ಕಲಬುರಗಿ

ಸ್ಟೇಷನ್ ಕಡಿ ಖಾನಾವಳಿ. ಕೆಳಗ 40 ಸೀಟು, ಮ್ಯಾಲ ಎಸಿ ಫ್ಯಾಮಿಲಿ ರೂಮಿನ್ಯಾಗ 16, ಅದರ ಮ್ಯಾಲಿನ ಅಂತಸ್ತಿನ್ಯಾಗ 8 ಲಾಡ್ಜಿಂಗ್ ರೂಮು. ಬೀಡಿ, ಸಿಗರೇಟಿನ ತಕರಾರು ಇಲ್ಲ. ಒಂದ್ ಮಾತು ಹೇಳಿದ್ರ ಎದ್ದು ಹೊರಗ ಹೋಗ್ತಾರ. ಪೆನ್ ಡ್ರೈವ್‌ನಂಥ ವೇಪ್ (ಬ್ಯಾಟರಿ ಮ್ಯಾಲ ನಡಿಯೋ ಇ-ಸಿಗರೇಟ್) ತಗದು ಎಳಿಯೋ ಹುಡುಗರದು ಬ್ಯಾರೆ ವಾದ: "ಇದು ಹೊಗಿ ಅಲ್ರಿ, ನೀರಿನ ಉಗಿ. ನಿಮ್ಮ ಬೋರ್ಡಿನ್ಯಾಗ ಧೂಮಪಾನ ಅಂತ ಅದ, ಇದು ಧೂಮಪಾನ ಅಲ್ಲ." ಬಾಜೂ ಟೇಬಲಿನ ಹೆಣ್ಮಕ್ಕಳು ರೊಟ್ಟಿ ಬಿಟ್ಟು ಮುಖ ತಿರುಗಿಸ್ತಾರ, ಮಾವಿನಹಣ್ಣಿನ ವಾಸನಿ ಬದನಿಕಾಯಿ ಪಲ್ಯದಾಗ ಬಂದು ಕೂಡ್ತದ.

ಕೇಳೋದಿಷ್ಟ. ಕಾಯ್ದೆ ಪ್ರಕಾರ ಇದು ಏನು, ಮಾಲೀಕನ ಮ್ಯಾಲ ಏನ್ ಬರ್ತದ? ಅದು ಖರೇನೇ ಬರೀ ಉಗಿನಾ? ಗಿರಾಕಿ ಮನಸ್ಸು ಮುರೀದಂಗ ಹ್ಯಾಂಗ ಹೇಳ್ಬೇಕು? ಇಸ್ಕೊಂಡು ಗಲ್ಲಾದಾಗ ಇಟ್ಟು, ಬಿಲ್ ಕೊಟ್ಟ ಮ್ಯಾಲ ವಾಪಸ್ ಕೊಟ್ರ ನಡೀತದೇನು? ಹೊಸ ಬೋರ್ಡು ಬರೆಸೋದದ, ಅದಕ್ಕೂ ಹೇಳ್ರಿ.

—

ಕೋರ್ಟ್_ರಸ್ತೆ

ಕೊನೆಯ ಪ್ರಶ್ನೆಗೆ ಮೊದಲು ಉತ್ತರ: ಗಲ್ಲಾದಲ್ಲಿ ಇಡಲೇಬೇಡಿ. ಕಾರಣ ಆಮೇಲೆ ಹೇಳುತ್ತೇನೆ.

ಎರಡು ಬೇರೆ ಬೇರೆ ಕಾಯ್ದೆಗಳಿವೆ, ಜನ ಕಲಸಿಬಿಡುತ್ತಾರೆ. ಒಂದು 2003ರ ಕೋಟ್ಪಾ, ಅಂದರೆ ತಂಬಾಕು ನಿಯಂತ್ರಣ ಕಾಯ್ದೆ. ಸಾರ್ವಜನಿಕ ಸ್ಥಳದ ಧೂಮಪಾನದ ನಿಯಮಗಳು ಇದರ ಅಡಿಯಲ್ಲಿ 2008ರ ಅಕ್ಟೋಬರ್ 2ರಿಂದ ಜಾರಿಯಲ್ಲಿವೆ. ಕರ್ನಾಟಕದ ತಿದ್ದುಪಡಿ 2025ರ ಮೇ ಕೊನೆಗೆ ಜಾರಿಗೆ ಬಂತು. ದಂಡ 200ರಿಂದ 1000 ರೂಪಾಯಿಗೆ ಏರಿತು, ತಂಬಾಕು ಕೊಳ್ಳುವ ವಯಸ್ಸು 21 ಆಯಿತು, ಹುಕ್ಕಾ ಬಾರ್ ಬಂದ್ ಆದವು. ಈ ಕಾಯ್ದೆಯಲ್ಲಿ ಧೂಮಪಾನ ಅಂದರೆ ತಂಬಾಕನ್ನು ಯಾವುದೇ ರೂಪದಲ್ಲಿ, ಯಾವುದೇ ಸಾಧನದಿಂದ ಸೇದುವುದು. ವೇಪಿನ ದ್ರವದಲ್ಲಿರುವುದು ತಂಬಾಕೋ, ತಂಬಾಕಿನಿಂದ ತೆಗೆದ ನಿಕೋಟಿನ್ನೋ ಎಂಬ ವಾದ ಹುಡುಗರು ಎತ್ತುವುದು ಇಲ್ಲೇ. ಆ ವಾದಕ್ಕೆ ನೀವು ಇಳಿಯಬೇಡಿ, ನಿಮಗೆ ಅದರ ಅಗತ್ಯವೇ ಇಲ್ಲ.

ಏಕೆಂದರೆ ಎರಡನೆಯದು 2019ರ ಇ-ಸಿಗರೇಟ್ ನಿಷೇಧ ಕಾಯ್ದೆ. ಆ ವರ್ಷ ಸೆಪ್ಟೆಂಬರ್‌ನಲ್ಲಿ ಸುಗ್ರೀವಾಜ್ಞೆ ಬಂತು, ಡಿಸೆಂಬರ್‌ನಲ್ಲಿ ಕಾಯ್ದೆಯಾಯಿತು. ನಮ್ಮ ರಾಜ್ಯ ಅದಕ್ಕೂ ಮುಂಚೆ, 2016ರಲ್ಲೇ ಮಾರಾಟ ನಿಲ್ಲಿಸಿತ್ತು. ಇದರಲ್ಲಿ ಇ-ಸಿಗರೇಟಿನ ವ್ಯಾಖ್ಯೆ ಅಗಲವಾಗಿದೆ: ಪದಾರ್ಥವನ್ನು ಕಾಯಿಸಿ ಒಳಗೆಳೆಯುವ ಏರೋಸಾಲ್ (ಗಾಳಿಯಲ್ಲಿ ತೇಲುವ ಸಣ್ಣ ಹನಿಗಳ ಮೋಡ) ಹುಟ್ಟಿಸುವ ವಿದ್ಯುತ್ ಸಾಧನ, ನಿಕೋಟಿನ್ ಇರಲಿ ಬಿಡಲಿ, ಸುವಾಸನೆ ಇರಲಿ ಬಿಡಲಿ. ಇ-ಹುಕ್ಕಾ, ತಂಬಾಕನ್ನು ಸುಡದೆ ಕಾಯಿಸುವ ಕಡ್ಡಿ, ಎಲ್ಲವೂ ಅದರೊಳಗೆ. ಅಂದಮೇಲೆ "ನಂದ್ರಾಗ ನಿಕೋಟಿನ್ ಇಲ್ಲ" ಎಂಬ ಮಾತೂ ಉಪಯೋಗಕ್ಕೆ ಬರುವುದಿಲ್ಲ.

ತಯಾರಿಕೆ, ಆಮದು, ಸಾಗಣೆ, ಮಾರಾಟ, ಹಂಚಿಕೆ, ಜಾಹೀರಾತು ಮಾಡಿದವರಿಗೆ ಮೊದಲ ಸಲ 1 ವರ್ಷದವರೆಗೆ ಜೈಲು, ಇಲ್ಲವೇ 1 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಮತ್ತೆ ಸಿಕ್ಕರೆ 3 ವರ್ಷ, 5 ಲಕ್ಷದವರೆಗೆ. ದಾಸ್ತಾನು ಇಟ್ಟರೆ 6 ತಿಂಗಳವರೆಗೆ ಜೈಲು ಅಥವಾ 50 ಸಾವಿರದವರೆಗೆ ದಂಡ ಅಥವಾ ಎರಡೂ. ಈ ಪಟ್ಟಿಯಲ್ಲಿ 'ಸೇದುವುದು' ಎಂಬ ಶಬ್ದ ಇಲ್ಲ ಎಂಬುದನ್ನು ಓದಿದ ಹುಡುಗರು ಎತ್ತಿ ತೋರಿಸುತ್ತಾರೆ. ಸರಿ, ಇಲ್ಲ. ಆದರೆ ದಾಸ್ತಾನಿನ ಕಲಮು ಜಾಗದ ಮಾಲೀಕನನ್ನೂ, ಜಾಗ ಯಾರ ಕೈಯಲ್ಲಿದೆಯೋ ಅವರನ್ನೂ ಹೆಸರಿಸುತ್ತದೆ: ಗೊತ್ತಿದ್ದೂ ತನ್ನ ಜಾಗದಲ್ಲಿ ಇಡಲು ಬಿಡಬಾರದು. ದಿನಕ್ಕೆ ಮೂರು ಇಸ್ಕೊಂಡು ಗಲ್ಲಾದಲ್ಲಿಟ್ಟಾಗ ತಪಾಸಣೆ ಬಂದರೆ, ಅವು ಗಿರಾಕಿಯವು ಎಂದು ಹೇಳುವ ಭಾರ ನಿಮ್ಮ ತಲೆಯ ಮೇಲೆ. ಇನ್ನೊಬ್ಬರ ವಸ್ತು ಕಸಿದ ತಕರಾರು ಬೇರೆ. ಜಪ್ತಿ ಮಾಡುವ ಅಧಿಕಾರ ಪೊಲೀಸ್ ಸಬ್ ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆ ಇಲ್ಲದ ಅಧಿಕಾರಿಯದು, ಗಲ್ಲಾದ ಮೇಲೆ ಕೂತವರದಲ್ಲ.

ಯಾರಾದರೂ ಮರೆತು ಬಿಟ್ಟು ಹೋದರೆ? ಕರೆದು ಕೊಟ್ಟುಬಿಡಿ. ಯಾರದೆಂದು ತಿಳಿಯದಿದ್ದರೆ ಅದೇ ದಿನ ನಿಮ್ಮ ಹದ್ದಿನ ಪೊಲೀಸ್ ಠಾಣೆಗೆ ಒಪ್ಪಿಸಿ, ಒಂದು ಸ್ವೀಕೃತಿ ಬರೆಸಿಕೊಳ್ಳಿ.

ದಂಡದ ವಿಷಯದಲ್ಲೂ ಒಂದು ತಪ್ಪು ನಡೆಯುತ್ತದೆ. ಕೆಲವು ಕಡೆ 'ಸೇದಿದರೆ 1000 ರೂ.' ಎಂದು ಬರೆದು ಹೋಟೆಲಿನವರೇ ವಸೂಲಿಗೆ ನಿಲ್ಲುತ್ತಾರೆ. ನಿಯಮದಲ್ಲಿ ಸೂಚಿಸಿದ ಅಧಿಕಾರಿಗಳು ರಸೀದಿ ಕೊಟ್ಟು ತೆಗೆದುಕೊಳ್ಳುವ ಹಣ ಅದು. ರಸೀದಿ ಪುಸ್ತಕ ಇಲ್ಲದೆ ಒಂದು ರೂಪಾಯಿಯನ್ನೂ ಮುಟ್ಟಬೇಡಿ. ನಿಮ್ಮ ಹೊಣೆ ಬೇರೆ: ಬೋರ್ಡು ಹಾಕುವುದು, ಬೂದಿ ತಟ್ಟೆ, ಕಡ್ಡಿಪೆಟ್ಟಿಗೆ, ಲೈಟರ್ ಟೇಬಲ್ ಮೇಲೆ ಇಡದಿರುವುದು, ದೂರು ಬಂದಾಗ ಕ್ರಮ ತೆಗೆದುಕೊಳ್ಳುವುದು. ಸಿಗರೇಟಿನ ದೂರು ಬಂದೂ ಸುಮ್ಮನಿದ್ದರೆ, ಅಲ್ಲಿ ಎಷ್ಟು ಜನ ಸೇದಿದರೋ ಅಷ್ಟು ದಂಡ ನಿಮ್ಮ ಮೇಲೂ ಬೀಳುತ್ತದೆ.

—

ಫರ್ಸಿಕಲ್ಲು, ಶಹಾಬಾದ್

ಎಲ್ಲಾ ಕಾಯ್ದೆ ವೇಪಿನ ಮ್ಯಾಲೇ ಯಾಕ್ರಿ? ಬಸ್ ಸ್ಟ್ಯಾಂಡಿನ ಮೂಲಿ ಮೂಲಿ ಗುಟ್ಕಾದಿಂದ ಕೆಂಪಾಗ್ಯಾವ. ಬೀಡಿ ಹೊಗಿಗಿಂತ ಇದು ಕಡಿಮಿ ಕೆಟ್ಟದು ಅಂತ ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರಿಯವ್ರೇ ಹೇಳ್ತಾರ. ಸಿಗರೇಟ್ ಬಿಡ್ಲಿಕ್ಕೆ ಇದನ್ನ ಹಿಡದವ್ರೂ ಇರ್ತಾರ, ಅವ್ರನ್ನ ಕಳ್ಳರಂಗ ನೋಡೋದು ಸರಿ ಅಲ್ಲ.

—

ಕಾಯಿಲ್_ಕಾಟನ್

ಫರ್ಸಿಕಲ್ಲು ಅಣ್ಣಾರ ಮಾತಿಗೆ ಕೊನೆಗೆ ಬರ್ತೀನಿ. ಮೊದಲು 'ನೀರಿನ ಉಗಿ'.

ಸಾಧನದ ಒಳಗಿರೋದು ನಾಲ್ಕೇ ವಸ್ತು: ಲಿಥಿಯಂ ಬ್ಯಾಟರಿ, ತಂತಿಯ ಸುರುಳಿ (ಕಾಯಿಲ್), ಅದಕ್ಕೆ ದ್ರವ ಹೀರಿ ಕೊಡೋ ಹತ್ತಿ, ದ್ರವದ ಡಬ್ಬಿ. ದ್ರವ ಅಂದ್ರ ಪ್ರೊಪಿಲೀನ್ ಗ್ಲೈಕಾಲ್, ಗ್ಲಿಸರಿನ್, ಸುವಾಸನೆ, ನಿಕೋಟಿನ್. ನೀರು ಕುದಿಯೋದು 100 ಡಿಗ್ರಿಗೆ, ಗ್ಲೈಕಾಲ್ 188ಕ್ಕೆ, ಗ್ಲಿಸರಿನ್ 290ಕ್ಕೆ. ಬಾಯಿಂದ ಹೊರಗ ಬರೋ ಬಿಳಿ ಮೋಡ ಈ ಎಣ್ಣೆಯಂಥ ದ್ರವದ ಸಣ್ಣ ಸಣ್ಣ ಹನಿಗಳು. ಪರೀಕ್ಷೆ ಬೇಕಂದ್ರ, ಅನ್ನದ ಪಾತ್ರೆಯ ಉಗಿ ಗಾಜಿನ ಮ್ಯಾಲ ಕೂತ್ರ ಆರಿ ಹೋಗ್ತದ, ಏನೂ ಉಳಿಯಲ್ಲ. ವೇಪಿನ ಮೋಡ ದಿನಾ ಬಡಿಯೋ ಕನ್ನಡಿ, ಎಸಿ ರೂಮಿನ ಗಾಜಿನ ಬಾಗಿಲು ಒರೆಸಿ ನೋಡ್ರಿ: ಜಿಗುಟಾದ ಪೊರೆ ಬರ್ತದ, ಅದಕ್ಕ ಧೂಳು ಅಂಟಿರ್ತದ. ನಿಕೋಟಿನ್ ಇದ್ದ ದ್ರವ ಆಗಿದ್ರ ಆ ಪೊರೆಯೊಳಗ ನಿಕೋಟಿನ್ನೂ ಇರ್ತದ.

ಮೋಡ ಸಣ್ಣದಿದ್ರ ನಿಕೋಟಿನ್ ಕಡಿಮಿ ಅಂತ ತಿಳೀಬ್ಯಾಡ್ರಿ. ಹೆಚ್ಚಾಗಿ ಉಲ್ಟಾ. ದೊಡ್ಡ ಡಬ್ಬಿಯ ಸಾಧನದಾಗ ಕಾಯಿಲ್‌ನ ವಿದ್ಯುತ್ ತಡೆ 0.2ರಿಂದ 0.5 ಓಮ್, 40-80 ವ್ಯಾಟ್, ಗ್ಲಿಸರಿನ್ ನೂರಕ್ಕ 70 ಪಾಲು. ಮೋಡ ರೂಮು ತುಂಬ್ತದ, ನಿಕೋಟಿನ್ ಮಿಲಿಗೆ (ಮಿಲಿಲೀಟರಿಗೆ) 3-6 ಮಿಲಿಗ್ರಾಂ. ಪೆನ್ ಡ್ರೈವ್ ಥರದ್ರಾಗ 1 ಓಮ್ ಆಸುಪಾಸು, 10-15 ವ್ಯಾಟ್, ಮೋಡ ಅಂಗೈಯಷ್ಟು, ನಿಕೋಟಿನ್ ಮಾತ್ರ ಲವಣದ ರೂಪದಾಗ ಮಿಲಿಗೆ 20ರಿಂದ 50 ಮಿಲಿಗ್ರಾಂ. ಲವಣ ಗಂಟಲು ಸುಡಲ್ಲ, ಅದಕ್ಕ ಹೊಸಬರು ಕೂತಲ್ಲೇ ಎಳೀತಾನೇ ಇರ್ತಾರ. ಹತ್ತಿ ಒಣಗಿದ ಮ್ಯಾಲ ಎಳದ್ರ ಕಾಯಿಲ್ ವಿಪರೀತ ಕಾಯ್ದು ಗ್ಲಿಸರಿನ್ ಒಡೀತದ. ಫಾರ್ಮಾಲ್ಡಿಹೈಡ್, ಆಕ್ರೋಲಿನ್ ಅನ್ನೋ ವಿಷಗಳು ಹೆಚ್ಚಾಗಿ ಹುಟ್ಟೋದು ಆಗ. ಸುಟ್ಟ ಹತ್ತಿ ವಾಸನಿ ಬಂದ್ರ ಅದೇ.

ನಿಮ್ಮ ಕಟ್ಟಡದಾಗ ತೊಂದರಿ ಎಲ್ಲಿ ಜಾಸ್ತಿ ಅಂದ್ರ ಮ್ಯಾಲಿನ ಎಸಿ ರೂಮು. ಮೋಡ ಕಣ್ಣಿಗೆ ಬೇಗ ಕರಗ್ತದ, ಸಿಗರೇಟಿನಂಗ ತಾಸುಗಟ್ಲೆ ತೇಲಲ್ಲ, ಇದು ಖರೆ. ಆದ್ರ ಸ್ಪ್ಲಿಟ್ ಎಸಿ ಹೊರಗಿನ ಗಾಳಿ ತರೂದಿಲ್ಲ, ರೂಮಿನ ಗಾಳಿನೇ ತಿರುಗಿಸಿ ತಿರುಗಿಸಿ ತಂಪು ಮಾಡ್ತದ. ಬಾಗಿಲು ಮುಚ್ಚಿದ ರೂಮಿನ್ಯಾಗ ಒಬ್ಬ ಎಳದದ್ದು 16 ಮಂದಿ ಮೂಗಿಗೆ. ಸೀಲಿಂಗ್ ಫ್ಯಾನ್ ಹಚ್ಚಿದ್ರ ಹರಡ್ತದ, ಹೊರಗ ಹೋಗೂದಿಲ್ಲ.

ಲಾಡ್ಜಿಂಗ್ ರೂಮಿನ್ಯಾಗ ಬೆಳಕಿನ ತತ್ವದ ಸ್ಮೋಕ್ ಡಿಟೆಕ್ಟರ್ ಇದ್ರ ಅದು ಹೊಗಿ ಯಾವುದು, ಹನಿ ಯಾವುದು ಅಂತ ನೋಡಲ್ಲ. ಬೆಳಕನ್ನ ಚದುರಿಸೋದು ಏನು ಬಂದ್ರೂ ಕೂಗ್ತದ. ಗಿರಾಕಿ ಪ್ಲಾಸ್ಟಿಕ್ ಚೀಲ ಕಟ್ಟಿ ಮುಚ್ಚಿ ಹೋಗಿರ್ತಾನ, ಹುಡುಗ ನೋಡಲ್ಲ, ಖರೇ ಬೆಂಕಿ ಬಿದ್ದ ದಿನ ಅದು ಸತ್ತಿರ್ತದ. ರೂಮು ಬಿಟ್ಟು ಹೋದ ಪ್ರತಿ ಸಲ ತಲಿ ಎತ್ತಿ ನೋಡೋದು ಹುಡುಗರಿಗೆ ರೂಢಿ ಮಾಡಸ್ರಿ. ಪದೇ ಪದೇ ಸುಮ್ಮನ ಕೂಗ್ತಿದ್ರ ಒಳಗ ಪೊರೆ ಕೂತಿರಬಹುದು, ಸರ್ವೀಸಿನವರಿಗೆ ಹೇಳಿ ಸ್ವಚ್ಛ ಮಾಡಸ್ರಿ, ಬಿಚ್ಚಿ ಇಡಬ್ಯಾಡ್ರಿ. ಕಲಬುರಗಿ–ಬೆಂಗಳೂರು ವಂದೇ ಭಾರತ್ ಹಿಡಿಯೋ ಗಿರಾಕಿಗಳಿಗೂ ಈ ಮಾತು ಹೇಳಬಹುದು: ಅಂಥ ಗಾಡಿಯ ಶೌಚಾಲಯದಾಗ ಎಳದ್ರ ಹೊಗೆ ಪತ್ತೆ ಸಾಧನ ಗಾಡಿನೇ ನಿಲ್ಲಿಸಬಹುದು.

ಬ್ಯಾಟರಿ. ಲಿಥಿಯಂ ಕೋಶ ಚಾರ್ಜ್ ಮಾಡೋ ಮಿತಿ ಸಾಮಾನ್ಯವಾಗಿ 45 ಡಿಗ್ರಿ. ನಮ್ಮ ಮೇ ತಿಂಗಳ ಬಿಸಿಲಿಗೆ ನಿಂತ ಕಾರಿನೊಳಗ ಅದನ್ನ ದಾಟಿ ಎಷ್ಟೋ ಮುಂದ ಹೋಗ್ತದ. ಟೇಬಲಿನ ಬಾಜೂ ಪ್ಲಗ್ ಸಿಕ್ತಂದ್ರ ಸಿಕ್ಕ ಚಾರ್ಜರಿಗೆ ಹಚ್ಚಿ ಕೂಡ್ತಾರ, ಬಿಡಬ್ಯಾಡ್ರಿ. ಉಬ್ಬಿದ್ದು, ಬಿಸಿಯಾದದ್ದು, ಸಿಹಿ ವಾಸನಿ ಬರೋದು ಕಂಡ್ರ ಮೇಜಿನ ಪ್ಲಾಸ್ಟಿಕ್ ಹಾಸಿನಿಂದ ತಗದು ಬಯಲಾಗಿನ ಫರ್ಸಿ ಮ್ಯಾಲ ಇಡ್ರಿ; ಹೊತ್ತಿದ್ರ ಬಕೀಟುಗಟ್ಲೆ ನೀರು. ಹಸಿ ಕಸದ ಬುಟ್ಟಿಗಂತೂ ಹಾಕಲೇಬ್ಯಾಡ್ರಿ. ಕಸದ ಗಾಡಿಯಾಗ ಒತ್ತಿದಾಗ ಕೋಶ ಒಡದು ಬೆಂಕಿ ಹತ್ತೋದು ಅಲ್ಲೇ.

ಇನ್ನ ಶಹಾಬಾದಿನ ಅಣ್ಣಾರಿಗೆ: ಸಿಗರೇಟಿಗಿಂತ ಕಡಿಮಿ ಹಾನಿ ಅನ್ನೋದು ಆ ದೇಶದಾಗ ಸಿಗರೇಟ್ ಸೇದೋ ದೊಡ್ಡವರಿಗೆ ಹೇಳಿದ ಮಾತು. ಅಲ್ಲಿ ಮಿಲಿಗೆ 20 ಮಿಲಿಗ್ರಾಂ ಮೇಲ್ಮಿತಿ, ಡಬ್ಬಿ 2 ಮಿಲಿ, ಬಳಸಿ ಬಿಸಾಕೋದನ್ನ 2025ರ ಜೂನ್ 1ರಿಂದ ಅಲ್ಲೂ ನಿಲ್ಲಿಸ್ಯಾರ. ಇಲ್ಲಿ ಸಿಗೋದೆಲ್ಲ ಕಳ್ಳ ಮಾಲು. ಮ್ಯಾಲ ಬರೆದ ಅಂಕಿ ಒಳಗ ಇರ್ತದ ಅಂತ ಹೇಳೋರು ಯಾರೂ ಇಲ್ಲ. ಮತ್ತ ಬಾಜೂ ಟೇಬಲಿನ ಕೂಸು ಸಿಗರೇಟೂ ಸೇದ್ತಿದ್ದಿಲ್ಲ, ಅದಕ್ಕ 'ಕಡಿಮಿ' ಅನ್ನೋ ಲೆಕ್ಕ ಹತ್ತೂದಿಲ್ಲ. ಗುಟ್ಕಾ ಉಗುಳೋರ ಬಗ್ಗೆ ನಿಮ್ಮ ಸಿಟ್ಟು ಖರೆ, ಅವ್ರಿಗೂ ಈಗ ಅದೇ ಸಾವಿರ ರೂಪಾಯಿ ದಂಡ.

—

ಬೀದರ್_ಬುತ್ತಿ

ಮೇಲಿನವರು ಬಿಟ್ಟ ಎರಡು ವಿಷಯ.

ಒಂದು ಕೂಸುಗಳದ್ದು. 50 ಮಿಲಿಗ್ರಾಂ ದ್ರವದ 2 ಮಿಲಿ ಡಬ್ಬಿ ಅಂದರೆ 100 ಮಿಲಿಗ್ರಾಂ ನಿಕೋಟಿನ್. ಮಾವು, ದ್ರಾಕ್ಷಿ ವಾಸನೆ, ಬಣ್ಣದ ಡಬ್ಬಿ, ಟೇಬಲ್ ಕೆಳಗೆ ಬಿದ್ದರೆ ಕೂಸು ಬಾಯಿಗಿಡುತ್ತದೆ. ವಾಂತಿ, ಜೊಲ್ಲು, ಬೆವರು, ಬಿಳಿಚಿಕೊಳ್ಳುವುದು, ಎದೆ ಬಡಿತ ಜೋರಾಗುವುದು ಇದರ ಗುರುತು. ಬಾಯಿ ಒರೆಸಿ, ಚರ್ಮಕ್ಕೆ ತಾಗಿದ್ದರೆ ಸಾಬೂನು ನೀರಲ್ಲಿ ತೊಳೆಯಿರಿ, ಉಪ್ಪು ನೀರು ಕುಡಿಸಿ ವಾಂತಿ ಮಾಡಿಸಬೇಡಿ, 108ಕ್ಕೆ ಫೋನ್ ಮಾಡಿ. ಡಬ್ಬಿಯನ್ನೂ ಜೊತೆಗೆ ಕಳಿಸಿ, ಮಿಲಿಗೆ ಎಷ್ಟು ಅಂತ ಡಾಕ್ಟರು ನೋಡಬೇಕಾಗುತ್ತದೆ. ಕಸ ಗುಡಿಸುವವರು ಸೋರಿದ ಡಬ್ಬಿಯನ್ನು ಬರಿಗೈಲಿ ಎತ್ತಬಾರದು. ನಿಕೋಟಿನ್ ಚರ್ಮದಿಂದಲೂ ಒಳಗಿಳಿಯುತ್ತದೆ.

ಇನ್ನೊಂದು, ಬಿಡಬೇಕೆಂದು ಇದನ್ನು ಹಿಡಿದವರದ್ದು. ಅಂಥವರಿಗೆ ಇಲ್ಲಿ ಬೇರೆ ದಾರಿ ಇದೆ. ರಾಷ್ಟ್ರೀಯ ತಂಬಾಕು ಕ್ವಿಟ್‌ಲೈನ್ 1800-11-2356, ಬಿಡಲು ನೆರವಾಗುವ ಸಹಾಯವಾಣಿ, ಪುಕ್ಕಟೆ. ಔಷಧಿ ಅಂಗಡಿಯಲ್ಲಿ 2 ಮಿಲಿಗ್ರಾಂ ನಿಕೋಟಿನ್ ಗಮ್ ಸಿಗುತ್ತದೆ. ಅದನ್ನು ಚೂಯಿಂಗ್ ಗಮ್ ಥರ ಅಗಿದು "ಉಪಯೋಗ ಆಗ್ಲಿಲ್ಲ" ಅನ್ನುವವರೇ ಹೆಚ್ಚು. ನಿಧಾನಕ್ಕೆ ಅಗಿಯಬೇಕು, ಖಾರ ಚುರುಗುಟ್ಟಿದ ಕೂಡಲೇ ದವಡೆ ಮತ್ತು ಕೆನ್ನೆ ನಡುವೆ ಒತ್ತರಿಸಿ ಇಡಬೇಕು, ಚುರುಕು ಕಡಿಮೆಯಾದರೆ ಮತ್ತೆ ಅಗಿಯಬೇಕು, ಹೀಗೆ ಅರ್ಧ ತಾಸು. ಮುಂಚಿನ 15 ನಿಮಿಷ ಮತ್ತು ಬಾಯಲ್ಲಿರುವಷ್ಟು ಹೊತ್ತು ಕಾಫಿ, ಸೋಡಾ, ನಿಂಬೆ ಪಾನಕ ಬೇಡ. ಬಾಯಿ ಹುಳಿಯಾದರೆ ನಿಕೋಟಿನ್ ಕೆನ್ನೆಯಲ್ಲಿ ಇಳಿಯದೆ ಹೊಟ್ಟೆಗೆ ಹೋಗಿ ಬಿಕ್ಕಳಿಕೆ ತರುತ್ತದೆ. ಚಹಾ ಕೂಡ ಆಮೇಲೆ. ನಮ್ಮ ಕಡೆ ಇದೇ ಕಷ್ಟದ ಭಾಗ.

—

ಯಾದಗಿರಿ_ಎಂಟು_ರೂಮು

ಹ್ಯಾಂಗ ಹೇಳ್ಬೇಕು ಅಂತ ಕೇಳೀರಿ, ಅದಕ್ಕ ಯಾರೂ ಹೇಳ್ಲಿಲ್ಲ.

ಸಪ್ಲೈಯರ್ ಹುಡುಗನ್ನ ಕಳಿಸಬ್ಯಾಡ್ರಿ. ಅವನೂ ಇಪ್ಪತ್ತರವ, ಎಳಿಯೋನೂ ಇಪ್ಪತ್ತರವ, ಮಾತಿಗೆ ಮಾತು ಬೆಳೀತದ. ಗಲ್ಲಾದಿಂದ ಎದ್ದು ನೀವೇ ಹೋಗ್ರಿ, ದೂರದಿಂದ ಕೂಗಬ್ಯಾಡ್ರಿ. ನೀರಿನ ಜಗ್ ಹಿಡ್ಕೊಂಡು ಹೋದ್ರ ಇನ್ನೂ ಚಲೋ, ಬಂದದ್ದು ಜಗಳಕ್ಕಲ್ಲ ಅಂತ ಅವಂಗೂ ಗೊತ್ತಾಗ್ತದ, ಬಾಜೂದವ್ರಿಗೂ ಕೇಳಂಗಿಲ್ಲ. ಸಣ್ಣವ ಇದ್ರ "ತಮ್ಮಾ", ದೊಡ್ಡವ್ರಿದ್ರ "ಅಣ್ಣಾರ", "ಸಾಹೇಬ್ರ", "ಭಾಯ್". ಮಾತು ಒಂದೇ: "ಇದು ನಮ್ಮಲ್ಲಿ ನಡ್ಯಂಗಿಲ್ರಿ, ಬ್ಯಾಗಿನ್ಯಾಗ ಇಡ್ರಿ." ಅಷ್ಟ. ಹೊಗಿನೋ ಉಗಿನೋ ಅನ್ನೋದಕ್ಕ ಬಾಯಿ ಹಾಕಬ್ಯಾಡ್ರಿ. ಅವ ಎತ್ತಿದ್ರ, "ಅದು ನಂಗೂ ಗೊತ್ತಿಲ್ರಿ, ಮಾಲೇ ಬಂದ್ ಅದ" ಅನ್ರಿ, ಮುಗೀತು.

"ಹೊರಗ ಹೋಗಿ ಎಳೀರಿ" ಅನ್ನೋದು ಭಾಳ ಮಂದಿ ಮಾಡೋ ತಪ್ಪು. ಸಿಗರೇಟಿಗೆ ಹೇಳಿ ಹೇಳಿ ಬಾಯಿಗೆ ಬಂದುಬಿಟ್ಟದ. ಹಂಗ ಅಂದ್ರ ಬಾಗಿಲದಾಗ ನಿಂತು ಎಳೀತಾನ, ಗಾಳಿ ತಿರುಗಿ ಒಳಗ ಬರ್ತದ, ಮತ್ತ ನೀವೇ ಪರವಾನಗಿ ಕೊಟ್ಟಂಗ ಆತು.

ಅಪ್ಪ, ಅವ್ವ, ಹೆಂಡ್ತಿ ಮುಂದ ಕೂತವಂಗ ಅಲ್ಲೇ ಹೇಳಬ್ಯಾಡ್ರಿ. ಕೈ ತೊಳಿಲಿಕ್ಕೆ ಎದ್ದಾಗ ವಾಶ್ ಬೇಸಿನ್ ಹತ್ರ ಹೇಳ್ರಿ. ಮರ್ಯಾದಿ ಉಳೀತಂದ್ರ ಮತ್ತ ಊಟಕ್ಕ ಬರ್ತಾನ. ಎರಡನೇ ಸಲಕ್ಕೂ ಕೇಳ್ಲಿಲ್ಲಂದ್ರ ಬಿಲ್ ತಂದಿಟ್ಟು ಉಳಿದ ಆರ್ಡರ್ ನಿಲ್ಲಸ್ರಿ, ತಿಂದದ್ದಕ್ಕಷ್ಟೇ ರೊಕ್ಕ ತಗೋರಿ. ಕೈ ಮಾಡ್ಲಿಕ್ಕೆ ಬಂದ್ರ 112.

ಶರಣಬಸವೇಶ್ವರ ಜಾತ್ರಿ, ಬಂದೇನವಾಜರ ಉರುಸು ಬಂದಾಗ ಮಂದಿ ಇಪ್ಪಟ್ಟಾಗ್ತದ, ಒಬ್ಬೊಬ್ರಿಗೆ ಹೇಳ್ಕೋತ ಕೂಡ್ಲಿಕ್ಕೆ ಆಗಂಗಿಲ್ಲ. ಆ ವಾರ ಬಾಗಿಲದಾಗೇ ಬೋರ್ಡು ತೋರಿಸಿ ಒಳಗ ಬಿಡ್ರಿ. ಗದ್ದಲದಾಗ ಅಪ್ಪನ ಹೆಗಲ ಮ್ಯಾಲ ಕೂತ ಕೂಸಿನ ಮುಖ, ಎಳಿಯೋನ ಬಾಯಿ, ಎರಡೂ ಒಂದೇ ಎತ್ತರದಾಗ ಇರ್ತಾವ, ಯಾರಿಗೂ ಲಕ್ಷ್ಯ ಇರಂಗಿಲ್ಲ.

—

ಗಲ್ಲಾ_ಮ್ಯಾಲ, ಕಲಬುರಗಿ

ಭಾಳ ಉಪಕಾರ ಆತ್ರಿ. ಬೋರ್ಡಿಗೆ ಇದನ್ನ ಬರದೀನಿ, ತಪ್ಪಿದ್ರ ಹೇಳ್ರಿ: "ಇಲ್ಲಿ ಬೀಡಿ, ಸಿಗರೇಟ್, ಗುಟ್ಕಾ, ವೇಪ್ ನಿಷೇಧ. ಮೀರಿದರೆ 1000 ರೂ. ದಂಡ ವಸೂಲಿ ಮಾಡಲಾಗುವುದು. – ಮಾಲೀಕರು." ಇನ್ನೊಂದು, 30 ಸೀಟು ದಾಟಿದ ಹೋಟೆಲಿಗೆ ಸೇದೋ ರೂಮು ಮಾಡ್ಲಿಕ್ಕೆ ಬರ್ತದಂತಲ್ಲ, ಮಾಡಿಬಿಡ್ಲೇನು?

—

ಕೋರ್ಟ್_ರಸ್ತೆ

ಬೋರ್ಡನ್ನು ಎರಡು ಮಾಡಿ. ಕಾಯ್ದೆಯ ಬೋರ್ಡಿಗೆ ಅಳತೆ ಇದೆ: ಕಡಿಮೆ ಅಂದರೂ 60 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲ, ಬಿಳಿ ಹಿನ್ನೆಲೆ. 15 ಸೆಂ.ಮೀ.ಗೆ ಕಡಿಮೆ ಇಲ್ಲದ ವೃತ್ತ, ಅದಕ್ಕೆ 3 ಸೆಂ.ಮೀ. ಕೆಂಪು ಅಂಚು, ನಡುವೆ ಕಪ್ಪು ಹೊಗೆಯ ಸಿಗರೇಟು ಅಥವಾ ಬೀಡಿ, ಅದರ ಮೇಲೆ ಅಡ್ಡ ಕೆಂಪು ಪಟ್ಟಿ. ಬರಹ: "ಧೂಮಪಾನ ನಿಷೇಧಿತ ಪ್ರದೇಶ – ಇಲ್ಲಿ ಧೂಮಪಾನ ಮಾಡುವುದು ಅಪರಾಧ". ದೂರು ಯಾರಿಗೆ ಕೊಡಬೇಕು, ಅವರ ಹೆಸರು, ಫೋನ್ ಕಾಣುವಂತೆ ಇರಬೇಕು, ನಿಮ್ಮದೇ ಹಾಕಿ. ಒಂದೇ ಬೋರ್ಡು ಸಾಲದು: ಬಾಗಿಲಿಗೊಂದು, ಪ್ರತಿ ಅಂತಸ್ತಿಗೆ, ಮೆಟ್ಟಿಲ ಹತ್ತಿರ, ಎಸಿ ರೂಮಿನೊಳಗೂ ಒಂದು. ಇದರಲ್ಲಿ ವೇಪ್ ಸೇರಿಸಿ ಅಕ್ಷರ ಬದಲಿಸಬೇಡಿ.

ಅದರ ಕೆಳಗೆ ನಿಮ್ಮ ಸ್ವಂತ ಬೋರ್ಡು: "ವೇಪ್, ಇ-ಸಿಗರೇಟ್, ಇ-ಹುಕ್ಕಾ ಒಳಗೆ ಬಳಸುವಂತಿಲ್ಲ, ಚಾರ್ಜ್ ಹಾಕುವಂತಿಲ್ಲ. ನಿಕೋಟಿನ್ ಇಲ್ಲದಿದ್ದರೂ ಇಲ್ಲ." ದಂಡ ವಸೂಲಿ ಮಾತು ತೆಗೆದುಹಾಕಿ, ಕಾರಣ ಮೊದಲೇ ಹೇಳಿದ್ದೇನೆ. ನಮ್ಮ ಊರಿಗೆ ಉರ್ದುವಿನಲ್ಲೂ ಒಂದು ಸಾಲು ಬರೆಸಿದರೆ ಒಳ್ಳೆಯದು.

ಸೇದುವ ರೂಮಿನ ಆಸೆ ಬಿಡಿ. ನಾಲ್ಕೂ ಕಡೆ ಸೂರಿನವರೆಗೆ ಗೋಡೆ, ತಾನಾಗಿಯೇ ಮುಚ್ಚುವ ಬಾಗಿಲು, ಗಾಳಿ ಒಳಗೆ ತಿರುಗದೆ ನೇರ ಹೊರಗೆ ಹೋಗುವ ವ್ಯವಸ್ಥೆ, ಒಳಗಿನ ಗಾಳಿಯ ಒತ್ತಡ ಹೊರಗಿನದಕ್ಕಿಂತ ಕಡಿಮೆ, ಇಷ್ಟೂ ಬೇಕು; ಮೂಲೆಗೊಂದು ಎಕ್ಸಾಸ್ಟ್ ಫ್ಯಾನ್ ಹಚ್ಚಿದರೆ ಆಗುವುದಿಲ್ಲ. ಆ ವಿನಾಯಿತಿ ಸಿಗರೇಟಿಗೆ, ವೇಪಿಗೆ ಅಲ್ಲ. ಅಷ್ಟು ಖರ್ಚು ಮಾಡಿ ಕಟ್ಟಿದ ಮೇಲೂ ಪೆನ್ ಡ್ರೈವ್ ಹಿಡಿದ ಹುಡುಗನಿಗೆ "ಇಲ್ಲೂ ನಡ್ಯಂಗಿಲ್ಲ ತಮ್ಮಾ" ಎಂದೇ ಹೇಳಬೇಕಾಗುತ್ತದೆ.